ಚಾರ್ಜ್ ಬುಕ್ಕು

ರಾತ್ರಿ ಪಾಳಿ ವರದಿ ಕೆಂಪು ಮಸಿಯಾಗ ಬರೀಬೇಕು,
ಹಗಲಿಂದು ನೀಲಿಯಾಗ.
ಹದಿನಾಕು ವರ್ಷದ ನೇಮ ಇದು,
ಬೆರಳ ಸಂದಿಗೆ ಹತ್ತಿದ್ದು ಸೋಪಿಗೂ ಹೋಗಂಗಿಲ್ಲ.

ಮಕ್ಕಳ ವಾರ್ಡು. ಇಪ್ಪತ್ತೆರಡು ಮಂಚ, ಮೂವತ್ತೊಂದು ಕೂಸು.
ಮಾನ್ವಿ ಕಡಿಯಿಂದ ಬಂದ ಅಜ್ಜಿಯೊಬ್ಬಾಕಿ
ಸಲೈನ್ ಹನಿ ಎಣಿಸ್ಕೋತ ಕುಂತಾಳ,
ಎಣಿಕಿ ತಪ್ಪಿದ್ರ ಮತ್ತ ಒಂದರಿಂದ.
ಏಳೂವರಿಗೆ ನಾ ಚಾರ್ಜ್ ಕೊಡಬೇಕು.
ಸುಲೋಚನಾ ಸಿಸ್ಟರ್ ಬಂದದ್ದು ಎಂಟು ಹತ್ತಕ್ಕ,
ತೆಲಿ ಬಾಚಿಲ್ಲ, ಸೆರಗಿಗೆ ಯಾರದೋ ಗಂಜಿ.
ಏಳೂವರಿ ಅಂತಾನೇ ಬರದೆ. ಆಕಿ ನನ್ನ ಮಾರಿ ನೋಡಲಿಲ್ಲ,
ನಾನೂ ನೋಡಲಿಲ್ಲ. ಹೋದ ವಾರ ನಾ ಹಿಂಗ ಬಂದಾಗ
ಆಕಿನೂ ಏಳೂವರಿ ಅಂತ ಬರದಿದ್ಲು.

ತೀನ್ ಕಂದೀಲ್ ಹತ್ರ ಟಂಟಂ ತುಂಬೋತನಕ ನಿಂತಿತು.
ಮಂಡಾಳ ಒಗ್ಗರಣಿ ವಾಸನಿ ಬಂತು, ಇಳೀಲಿಲ್ಲ.
ಎಂಟೂವರಿಗೇ ರಾಯಚೂರ ಬಿಸಿಲಿಗೆ ಹಲ್ಲು ಬಂದಿರತಾವ.

ದೇವಪುತ್ರಪ್ಪ ಐದೂವರಿಗೆ ಶಕ್ತಿನಗರದ ಬಸ್ ಹಿಡದಿರತಾನ,
ಬೂದಿ ಹಾರೋ ಕಡಿಗೆ.
ನಮ್ಮಿಬ್ರ ಸಂಸಾರ ಅಂದ್ರ ಕಿಟಕಿ ಕಟ್ಟಿ ಮ್ಯಾಲಿನ ಕೀಲಿಕೈ,
ಒಬ್ರು ಇಡೋದು, ಒಬ್ರು ತಗೊಳ್ಳೋದು.
ನಡುವಿನ ಮೂರು ತಾಸಿಗೆ
ಬಾಜೂಮನಿ ಮಹಬೂಬ್‌ಬಿ ಗ್ವಾಡಿಗೆ ಕಿವಿ ಕೊಟ್ಟಿರತಾಳ,
ಅಷ್ಟ.

ಇವತ್ತ ಬಾಗಲ ತಗದ್ರ ಚಾಪಿ ಮ್ಯಾಲ
ಗಣಿತ ನೋಟ್‌ಬುಕ್ಕು, ಹಿಂದಿನ ಪುಟ,
ಕೆಂಪು ಸ್ಕೆಚ್‌ಪೆನ್ನು:

*ಪೇಷಂಟ್: ಆಮೋಸ್. ವಯಸ್ಸು ಮೂರು. ಹಟ ಬಹಳ.*
*೫.೩೦ ಪಪ್ಪ ಹೋದರು. ಪೇಷಂಟ್ ಮಲಗಿತ್ತು.*
*೬.೧೦ ನಳ ಬಂತು. ಎಂಟು ಕೊಡ. ಒಂದು ಚೆಲ್ಲಿತು.*
*೬.೪೦ ಪೇಷಂಟ್ ಎದ್ದು ಮಮ್ಮಿ ಎಲ್ಲಿ ಅಂದಿತು.*
*ಡ್ಯೂಟಿಯಲ್ಲಿ ಇದ್ದಾರೆ ಎಂದು ತಿಳಿಸಲಾಯಿತು.*
*೬.೪೫ ಮತ್ತೆ ಅಂದಿತು. ಮತ್ತೆ ತಿಳಿಸಲಾಯಿತು.*
*೭.೦೦ ಹಾಲು ಅರ್ಧ ಲೋಟ. ವಾಂತಿ ಇಲ್ಲ.*
*೭.೨೦ ಮೈ ಬೆಚ್ಚಗಿದೆಯಾ ಅಂತ ಮುಟ್ಟಿ ನೋಡಿದೆ.*
*ನನ್ನ ಕೈಯೂ ಬೆಚ್ಚಗಿತ್ತು, ಗೊತ್ತಾಗಲಿಲ್ಲ.*

ಸಾಲಿ ಸೂಟಿ ಇದ್ದಾಗ ಒಂದಿನ ಕರಕೊಂಡು ಹೋಗಿದ್ದೆ,
ಟ್ರೇ ಹಿಂದ ಸ್ಟೂಲಿನ ಮ್ಯಾಲ ಕುಂದರಿಸಿದ್ದೆ,
ಬಿಸ್ಕೀಟ್ ತಿಂತಾಳ ಅಂದ್ಕೊಂಡಿದ್ದೆ.
'ತಿಳಿಸಲಾಯಿತು'. ನಂದ ಆ ಮಾತು.
ಕೂಸಿನ ಮ್ಯಾಲ ಬಿಳಿ ಅರಿವಿ ಎಳದ ಮ್ಯಾಲ
ಸಂಬಂಧಿಕರಿಗೆ ತಿಳಿಸಲಾಯಿತು ಅಂತ ಬರಿಯೋ ಮಾತು.
ಯಾರು ತಿಳಿಸಿದ್ರು, ಆಕಿ ಬಾಯಿ ಒಣಗಿತ್ತೇನು,
ಅದ್ಯಾವುದಕ್ಕೂ ಜಾಗ ಇಲ್ಲ ಆ ಮಾತಿನಾಗ.
ಒಂಬತ್ತು ವರ್ಷದಾಕಿಗೆ ಅದು ಹಿಡಿಸೇತಿ.

ಕೆಜಿಯಾ ಬೂಟು ಹಾಕ್ಕೊಂಡು ಹೊಸ್ತಿಲ ಮ್ಯಾಲ ಕುಂತಾಳ,
ಬೆನ್ನಿಗೆ ಚೀಲ,
ತೊಡಿ ಮ್ಯಾಲ ನಿದ್ದಿಹೋದ ತಮ್ಮ.
ಪ್ರಾರ್ಥನಾ ಗಂಟಿ ಬಾರಿಸಿ ಆತು, ನನಗೂ ಕೇಳಿತ್ತು.
'ಹೋಗಬೇಕಿತ್ತಲ್ಲವ್ವಾ, ಮಹಬೂಬ್‌ಬಿಗೆ ಕೊಟ್ಟು?'
'ರಿಲೀವರ್ ಬರಲಾರದ ಬಿಟ್ಟು ಹೋಗಬಾರದು,
ನೀನ ಹೇಳಿದ್ದಿ.'
ಸಿಟ್ಟಿಲ್ಲ ದನಿಯಾಗ. ಸಿಟ್ಟಿದ್ರ ಚೊಲೊ ಇರತಿತ್ತು.

ಕೊನಿ ಸಾಲು ತೋರಿಸಿದ್ಲು:
*ಚಾರ್ಜ್ ಕೊಟ್ಟವರು: ಕೆಜಿಯಾ ಡಿ., ನಾಲ್ಕನೇ ತರಗತಿ.*
*ಚಾರ್ಜ್ ತೆಗೆದುಕೊಂಡವರು:*
ಖಾಲಿ.

ಕಿಸೆದಾಗ ಕೆಂಪು ಪೆನ್ನು ಒಂದ ಇತ್ತು.
ಸುಗುಣಮ್ಮ ಅಂತ ಸಹಿ ಮಾಡಿದೆ, ಪೂರ್ತಿ ಹೆಸರು,
ಮುಂದ ಕೈ ತಾನ ಬರೀತು: ಎಂಟು ಮೂವತ್ತು.

ಆಕಿ ಗೋಡಿ ಗಡಿಯಾರ ನೋಡಿದ್ಲು.
ಪೆನ್ನು ಕಸಕೊಂಡು ಅದರ ಮ್ಯಾಲ ಒಂದ ಗೆರಿ ಎಳದು
ಬಾಜೂಕ ಬರದ್ಲು: ೯.೦೫.
ತಿದ್ದಿದಲ್ಲಿ ಸಣ್ಣ ಸಹಿನೂ ಹಾಕಿದ್ಲು.

ಆಮೇಲ ತಮ್ಮನ್ನ ಮೆತ್ತಗ ನನ್ನ ತೊಡಿಗೆ ದಾಟಿಸಿ
ಓಡಿದ್ಲು, ಡಬ್ಬಿ ಮರತು.